ಪ್ಯಾಲೆಟ್ ಹುಡುಕಿ ಹೊರಟ ಸೊಣ್ಣಪ್ಪ

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಿಂದ ಮಾವಿನ ಮಂಡಿಗಳ ಕಡೆ ಹೋಗುವ ರಸ್ತೆಯಲ್ಲಿ, ಒಂದು ರಸಗೊಬ್ಬರದ ಅಂಗಡಿಗೂ ಒಂದು ಜೆರಾಕ್ಸ್ ಅಂಗಡಿಗೂ ನಡುವೆ, ನಾಲ್ಕಡಿ ಅಗಲ ಆರಡಿ ಉದ್ದದ ಒಂದು ಸಾಮ್ರಾಜ್ಯವಿದೆ. ಅದರ ಚಕ್ರವರ್ತಿ ಸೊಣ್ಣಪ್ಪ. ವಯಸ್ಸು ಐವತ್ತೇಳು. ಸಿಂಹಾಸನ ಮರದ ಸ್ಟೂಲು. ಕಿರೀಟವನ್ನು ಆತ ತಲೆಗೆ ಇಟ್ಟುಕೊಳ್ಳುವುದಿಲ್ಲ, ಬಲಗಣ್ಣಿಗೆ ಸಿಕ್ಕಿಸಿಕೊಳ್ಳುತ್ತಾನೆ. ಕಪ್ಪು ಕೊಳವೆಯ ಆ ಭೂತಗನ್ನಡಿ ಕಣ್ಣಿಗೇರಿತು ಎಂದರೆ ಪ್ರಭುಗಳು ದರ್ಬಾರಿನಲ್ಲಿದ್ದಾರೆ ಎಂದು ಅರ್ಥ. ಆಗ ಯಾರೂ ಮಾತಾಡಿಸಬಾರದು, ಟೀ ಕೂಡ ತಣ್ಣಗಾಗುತ್ತಾ ಕಾಯಬೇಕು.

ಬ್ಯಾಟರಿ ವಾಚುಗಳು ಬಂದವು, ಮೊಬೈಲು ಬಂತು, ಕೈಗೆ ಕಟ್ಟಿದರೆ ಎದೆಬಡಿತ ಎಣಿಸುವ ರಬ್ಬರ್ ಪಟ್ಟಿಯೂ ಬಂತು. ಸೊಣ್ಣಪ್ಪನಿಗೆ ಅವೆಲ್ಲ ಹೊಟ್ಟೆಪಾಡು. ಸೆಲ್ಲು ಹಾಕುವುದು, ಪಟ್ಟಿ ಬದಲಿಸುವುದು, ಇವನ್ನು ಆತ ಎಡಗೈಯಲ್ಲಿ ಮಾಡುತ್ತಾನೆ. ಬಲಗೈಯನ್ನು ಕೀ ಕೊಡುವ ಹಳೆಯ ವಾಚುಗಳಿಗೆಂದೇ ಮೀಸಲಿಟ್ಟಿದ್ದಾನೆ. ಆ ಬಲಗೈಯ ಬಗ್ಗೆ ಆತನಿಗೆ ಒಂದು ಮಾತಿತ್ತು. ಗಿರಾಕಿಗೆ ಹೇಳುತ್ತಿದ್ದ, ಟೀ ತರುವವನಿಗೆ ಹೇಳುತ್ತಿದ್ದ, ಒಮ್ಮೆ ಮನೆಗಣತಿಗೆ ಬಂದ ಮೇಡಂಗೂ ಹೇಳಿ ಫಾರಮ್ಮಿನಲ್ಲಿ ಬರೆಯಲು ಕಾಲಂ ಇಲ್ಲ ಅನ್ನಿಸಿಕೊಂಡಿದ್ದ: "ಮೂವತ್ಮೂರು ವರ್ಷ ಆಯ್ತು. ಈ ಕೈಯಿಂದ ಒಂದು ಸ್ಕ್ರೂ ಜಾರಿಲ್ಲ."

ಈ ಮಾತು ಎಷ್ಟು ದುಬಾರಿಯದು ಎಂದು ತಿಳಿಯಬೇಕಾದರೆ ಆ ಕಸುಬಿನವರ ಒಂದು ಕಟ್ಟಳೆ ತಿಳಿದಿರಬೇಕು.

ಕೀ ಕೊಡುವ ವಾಚುಗಳ ಕಾರ್ಖಾನೆ ಮುಚ್ಚಿ ವರ್ಷಗಳೇ ಆಗಿವೆ. ಹೊಸ ಪಾರ್ಟು ಹುಟ್ಟುವುದಿಲ್ಲ. ಇರುವುದೆಲ್ಲ ಸತ್ತ ವಾಚುಗಳ ಹೊಟ್ಟೆಯಿಂದ ತೆಗೆದು, ಹಳೆಯ ನಶ್ಯದ ಡಬ್ಬಿಗಳಲ್ಲಿ, ಇಂಜೆಕ್ಷನ್ ಸೀಸೆಗಳಲ್ಲಿ ಕಾಪಾಡಿಕೊಂಡು ಬಂದ ಆಸ್ತಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೇರಿ ಇಂಥ ಆಸ್ತಿವಂತರು ಈಗ ಹನ್ನೊಂದು ಜನ ಉಳಿದಿದ್ದಾರೆ. ಅವರಲ್ಲಿ ಒಬ್ಬರಿಂದೊಬ್ಬರು ಪಾರ್ಟು ತೆಗೆದುಕೊಂಡರೆ ದುಡ್ಡು ಕೊಡುವ ಹಾಗಿಲ್ಲ. ಹಿಂದೆ ಕೋಲಾರದಲ್ಲಿ ಇವರಲ್ಲಿ ಅನೇಕರಿಗೆ ಕೆಲಸ ಕಲಿಸಿದ ಒಬ್ಬ ಉಸ್ತಾದರು ಹಾಕಿಕೊಟ್ಟ ನಿಯಮ ಅದು. ಪಾರ್ಟು ಕೇಳಲು ಬಂದವನು, ಹಿಂದಿನದು ಹೇಗೆ ಹೋಯಿತು ಎಂದು ಇದ್ದದ್ದು ಇದ್ದ ಹಾಗೆ ಹೇಳಬೇಕು. ಮತ್ತೆ ಹುಟ್ಟದ ವಸ್ತುವನ್ನು ಕೊಡುವವನಿಗೆ, ಅದು ಎಂಥ ಕೈಗೆ ಹೋಗುತ್ತಿದೆ ಎಂದು ಗೊತ್ತಿರಬೇಕಲ್ಲ. ಕಥೆಯೇ ಬೆಲೆ. ಕಥೆ ಕೇಳಿದವನು ಅದನ್ನು ಉಳಿದ ಹತ್ತು ಜನಕ್ಕೂ ಮುಟ್ಟಿಸುವುದು ನಿಯಮದಲ್ಲಿ ಇರಲಿಲ್ಲ. ಅದು ತಾನೇ ತಾನಾಗಿ ಬೆಳೆದುಬಂದ ಸಂಪ್ರದಾಯ.

ಹೀಗಾಗಿ ಹನ್ನೊಂದರಲ್ಲಿ ಹತ್ತು ಜನರ ಮಾನ ಹನ್ನೊಂದೂ ಜನರ ಬಾಯಲ್ಲಿತ್ತು. ಮಾಲೂರಿನ ಶ್ರೀರಾಮಪ್ಪನವರ ಬ್ಯಾಲೆನ್ಸ್ ಚಕ್ರವನ್ನು ಅವರ ಮನೆಯ ಕೋಳಿ ನುಂಗಿತ್ತು. ಕೋಲಾರದ ಕದಿರೇಶ್ ಒಂದು ಸೀನಿಗೆ ಒಂದು ಡಯಲ್ಲು, ಎರಡು ಮುಳ್ಳು ಕಳೆದುಕೊಂಡಿದ್ದ. ಮುಳಬಾಗಿಲಿನ ಅಮರನಾಥ್, ವಾಚಿಗೆ ಕೀ ಕೊಡುವ ತಿರುಪನ್ನು ಕಾಫಿ ಲೋಟದಲ್ಲಿ ಬೀಳಿಸಿ, ಕುಡಿದು, ಎರಡು ದಿನ ಬಹಳ ಎಚ್ಚರಿಕೆಯಿಂದ ಕಾದು ಮರಳಿ ಪಡೆದಿದ್ದ. ಕಥೆ ಇಲ್ಲದವನು ಸೊಣ್ಣಪ್ಪ ಒಬ್ಬನೇ. ಕಥೆ ಇಲ್ಲದವನಿಗೆ ಉಳಿದವರ ಕಥೆ ಹೇಳಲು ಬೇಕಾದಷ್ಟು ಬಿಡುವು. ಅಮರನಾಥನ ತಿರುಪಿನ ಪ್ರಸಂಗವನ್ನಂತೂ ಆತ ಅಮರನಾಥನ ಮಗಳ ಮದುವೆಯ ಆರತಕ್ಷತೆಯಲ್ಲಿ, ಆರ್ಕೆಸ್ಟ್ರಾದವರ ಮೈಕು ಇಸಕೊಂಡು, ಗಂಡಿನ ಕಡೆಯವರಿಗೂ ಅರ್ಥವಾಗಲಿ ಎಂದು ತೆಲುಗಿನಲ್ಲಿಯೂ ಒಮ್ಮೆ ಹೇಳಿದ್ದ.

ಇಂಥ ಸೊಣ್ಣಪ್ಪನ ಮೇಲೆ ವಿಧಿ ಒಂದು ಗುರುವಾರ ಬಂದು ಕೂತಿತು. ಕೂತದ್ದು ನಿಜವಾಗಿಯೂ ಮೂಗಿನ ಮೇಲೆ.

ಮೇ ತಿಂಗಳ ಕೊನೆ. ಊರೆಲ್ಲ ಮಾವು. ಅಂಗಡಿಯ ಮುಂದೆ ಬಾದಾಮಿ, ತೋತಾಪುರಿ ಕ್ರೇಟುಗಳ ಗೋಡೆ. ಗಾಳಿಯಲ್ಲಿ ಹಣ್ಣಿನ ವಾಸನೆ, ಆ ವಾಸನೆಯ ಬೆನ್ನು ಹಿಡಿದು ಸಾಸಿವೆ ಕಾಳಿನಷ್ಟಿರುವ ಹಣ್ಣುನೊಣಗಳ ಸೈನ್ಯ. ಸೊಣ್ಣಪ್ಪನ ಮುಂದೆ ಬಿಚ್ಚಿಟ್ಟಿದ್ದದ್ದು ಗಂಗರತ್ನಮ್ಮ ಮಿಸ್ಸಿನ ಲೇಡೀಸ್ ವಾಚು. ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಮತ್ತೆ ಜೋಡಿಸುತ್ತಿದ್ದ. ಚಿಮಟದ ತುದಿಯಲ್ಲಿ ಪ್ಯಾಲೆಟ್ ಇತ್ತು. ಜೀರಿಗೆ ಕಾಳಿಗಿಂತ ಚಿಕ್ಕದಾದ ಉಕ್ಕಿನ ಲಂಗರು, ಅದರ ಎರಡು ತೋಳಿಗೆ ಎರಡು ಕೆಂಪು ಹರಳು. ಚಕ್ರವನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು, ವಾಚಿನಿಂದ ಟಿಕ್ ಟಿಕ್ ಅನ್ನಿಸುವುದು ಅದೇ. ಅದಿಲ್ಲದಿದ್ದರೆ ವಾಚು ಬರೀ ಬಳೆ.

ಆಗ ಒಂದು ನೊಣ ಮೂಗಿನಿಂದ ಎದ್ದು ಭೂತಗನ್ನಡಿಯ ಗಾಜಿನ ಮೇಲೆ ಬಂದಿಳಿಯಿತು.

ಗಾಜಿನ ಒಳಗಿಂದ ನೋಡುವವನಿಗೆ ಅದು ನೊಣವಲ್ಲ. ಆನೆಯಷ್ಟು ಮೈ, ಕಂಬದಂಥ ಕಾಲು, ಮೈಯೆಲ್ಲ ಮುಳ್ಳು. ಸೊಣ್ಣಪ್ಪ ಹೌಹಾರಿ ಎಡಗೈ ಬೀಸಿದ. ಎಡಗೈ ಬೀಸಿದ ರಭಸಕ್ಕೆ ಬಲಗೈಯ ಬೆರಳು ಒತ್ತಿತು. ಚಿಮಟ 'ಟಣ್' ಎಂದಿತು. ನೊಣ ಸುಖವಾಗಿ ಹಾರಿಹೋಯಿತು. ಪ್ಯಾಲೆಟ್ಟೂ ಹಾರಿಹೋಯಿತು. ಅದೇ ಹೊತ್ತಿಗೆ ಮುಂದಿದ್ದ ಕ್ರೇಟುಗಳನ್ನು ಹೇರಿಕೊಂಡ ಲಗೇಜ್ ಆಟೋ ಒಂದು ಹೊರಟಿತು.

ಅಂಗಡಿಯನ್ನು ಅಂಗುಲ ಅಂಗುಲ ಗುಡಿಸಿದ. ಮನೆಗೆ ಓಡಿ ಹಿಟ್ಟಿನ ಜರಡಿ ತಂದು ಧೂಳು ಸೋಸಿದ. ಅಂಗಿ ಬಿಚ್ಚಿ ಕೊಡವಿದ. ಸಿಕ್ಕಿದ್ದು ಎಂಟು ಸ್ಕ್ರೂ, ಒಂದು ಮಾವಿನ ತೊಟ್ಟು, ನೂರಾರು ತಲೆಗೂದಲು. ಎಂಟು ಸ್ಕ್ರೂಗಳು ಎಲ್ಲಿಂದ ಬಂದವು ಎಂದು ಆತ ಯೋಚಿಸಲು ಹೋಗಲಿಲ್ಲ.

"ಏನ್ರೀ, ಆ ಜರಡೀಲಿ ನಾಳೆ ರಾಗಿಹಿಟ್ಟು ಸೋಸ್ಬೇಕು ನಾನು," ಅಂದಳು ಹೆಂಡತಿ ವೆಂಕಟಲಕ್ಷ್ಮಿ, ಸಂಜೆ ಜರಡಿ ಹುಡುಕಿಕೊಂಡು ಅಂಗಡಿಗೇ ಬಂದು. "ಏನ್ ಕಳ್ದೋಯ್ತು?"

"ಏನೂ ಇಲ್ಲ. ಕ್ಲೀನಿಂಗು."

"ಮೂವತ್ಮೂರು ವರ್ಷದಲ್ಲಿ ಇವತ್ತೇ ಜ್ಞಾನೋದಯ ಆಯ್ತಾ?"

ಗಂಗರತ್ನಮ್ಮ ಯಾರೆಂದು ಹೇಳದೆ ಮುಂದೆ ಹೋಗುವಂತಿಲ್ಲ. ಯಲ್ದೂರಿನ ಶಾಲೆಯಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿ, ಈಗ ಶ್ರೀನಿವಾಸಪುರದಲ್ಲಿ ಇದ್ದಾರೆ. ಐದನೇ ಕ್ಲಾಸಿನಲ್ಲಿ ಸೊಣ್ಣಪ್ಪನ ಕಿವಿ ಅವರ ಕೈಯಲ್ಲೇ ಇತ್ತು. ನಿವೃತ್ತಿ ಎಂಬುದು ಸಂಬಳಕ್ಕೆ ಬರುತ್ತದೆ, ಸ್ವಭಾವಕ್ಕೆ ಬರುವುದಿಲ್ಲ. ಪ್ರತಿ ವರ್ಷ ಶಾಲೆ ತೆರೆಯುವ ಮೊದಲ ದಿನ ಗಂಗರತ್ನಮ್ಮನವರು ಬಸ್ಸು ಹತ್ತಿ ಯಲ್ದೂರಿಗೆ ಹೋಗಿ, ಶಾಲೆಯ ಗೇಟಿನಲ್ಲಿ ಕೈಗಡಿಯಾರ ನೋಡುತ್ತಾ ನಿಲ್ಲುತ್ತಾರೆ. ಯಾವ ಮೇಷ್ಟ್ರು ಎಷ್ಟು ನಿಮಿಷ ತಡ ಎಂದು ಗಟ್ಟಿಯಾಗಿ ಹೇಳುತ್ತಾರೆ. ಅಷ್ಟೇ. ಯಾರಿಗೂ ದೂರು ಬರೆಯುವುದಿಲ್ಲ. ದೂರು ಬರೆದಿದ್ದರೇ ಚೆನ್ನಾಗಿತ್ತು ಎಂದು ಮೇಷ್ಟ್ರುಗಳು ಅಂದುಕೊಳ್ಳುತ್ತಾರೆ, ಏಕೆಂದರೆ ಗೇಟಿನ ಬಳಿ ಮಕ್ಕಳು ನಿಂತು ಕೇಳಿಸಿಕೊಳ್ಳುತ್ತವೆ.

ಈ ಸಲ ಶಾಲೆ ತೆರೆಯುವುದು ಸೋಮವಾರ. ಗುರುವಾರ ಸಂಜೆಯೇ ಫೋನು ಬಂತು.

"ಸೊಣ್ಣಾ, ವಾಚು ಏನಾಯ್ತೋ?"

ಸೊಣ್ಣಪ್ಪ ಸ್ಟೂಲಿನಿಂದ ಎದ್ದು ನಿಂತ. ಫೋನಿನಲ್ಲಿ ಕಾಣುವುದಿಲ್ಲ ಎಂದು ಗೊತ್ತಿದ್ದರೂ ಕಾಲು ತಾನೇ ಎದ್ದಿತು. "ಎಣ್ಣೆ ಬಿಟ್ಟಿದೀನಿ ಮಿಸ್. ಟೆಸ್ಟಿಂಗಲ್ಲಿದೆ."

"ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಬರ್ತೀನಿ. ಎಂಟೂವರೆ ಬಸ್ಸು."

ಅಲ್ಲಿಗೆ ಸಂಕಟ ಎರಡು ಕಡೆಯಿಂದ ಮುತ್ತಿತು. ಪ್ಯಾಲೆಟ್ ಸಿಗದಿದ್ದರೆ ಮಿಸ್ಸಿನ ಮುಂದೆ ನಿಲ್ಲಬೇಕು. ಸಿಗಬೇಕಾದರೆ ಕಥೆ ಹೇಳಬೇಕು, ಮೂವತ್ಮೂರು ವರ್ಷದ ಕೀರ್ತಿ ಹಣ್ಣುನೊಣದ ಕಾಲಡಿ ಬೀಳಬೇಕು. ಸೊಣ್ಣಪ್ಪ ಮೂರನೆಯ ದಾರಿ ಹುಡುಕಿದ. ಬೆಂಗಳೂರಿನ ಒಬ್ಬ ಪಾರ್ಟಿನ ವ್ಯಾಪಾರಿಗೆ ಫೋನು ಮಾಡಿದ. "ಜೆಂಟ್ಸ್ ಇದೆ, ಲೇಡೀಸ್ ಕೇಳಬೇಡಿ" ಎಂದು ಅವನು ಲೈನು ಕತ್ತರಿಸಿದ. ಮೊಬೈಲಿನಲ್ಲಿ ಹುಡುಕಿದರೆ ಬೊಂಬಾಯಿಯ ಯಾರೋ ಅರ್ಧ ಕೇಜಿ ಹಳೇ ಪಾರ್ಟುಗಳನ್ನು ಒಟ್ಟಿಗೆ ಮಾರುತ್ತಿದ್ದ. ಒಳಗೆ ಏನಿದೆ ಎಂಬುದು ನಮ್ಮ ಅದೃಷ್ಟ, ತಲುಪಲು ಎಂಟು ದಿನ. ಆಗ ಸೊಣ್ಣಪ್ಪನಿಗೆ ಹೊಳೆಯಿತು: ಕಥೆ ಹೇಳಬೇಕು ಎಂದು ನಿಯಮವಿದೆ, ಸರಿ. ಒಂದು ಕಥೆ ಹೇಳಿದರಾಯಿತು.

ಶುಕ್ರವಾರ ಬೆಳಿಗ್ಗೆ ಅಂಗಡಿಗೆ ಅರ್ಧ ಬಾಗಿಲು ಎಳೆದು ಹೊರಡುವಷ್ಟರಲ್ಲಿ ಯಲ್ದೂರು ಶಾಲೆಯ ಕಾಂತರಾಜ್ ಮೇಷ್ಟ್ರು ಬೈಕಿನಲ್ಲಿ ಬಂದಿಳಿದರು. ಕೈಯಲ್ಲೊಂದು ಬುಟ್ಟಿ, ಬುಟ್ಟಿ ತುಂಬ ಬಾದಾಮಿ ಹಣ್ಣು.

"ನಮ್ಮ ತೋಟದ್ದು, ಸೊಣ್ಣಪ್ಪನೋರೇ. ತಗೊಳ್ಳಿ."

"ಏನ್ ಮೇಷ್ಟ್ರೇ, ವಿಶೇಷ?"

ಮೇಷ್ಟ್ರು ಆಚೀಚೆ ನೋಡಿ ದನಿ ಇಳಿಸಿದರು. "ಹೆಡ್ ಮಿಸ್ ವಾಚು ನಿಮ್ಮತ್ರ ಐತಂತೆ. ನಿಮ್ಮ ಕೈಗೆ ಬಂದಿದ್ದು ರಿಪೇರಿ ಆಗದೆ ಇರಲ್ಲ, ನಂಗೊತ್ತು. ಆದ್ರೆ… ಮಂಗಳವಾರ ಆಗ್ಲಿ. ಸೋಮವಾರ ಬೇಡ. ಹೋದ್ವರ್ಷ ನಾನು ಹನ್ನೊಂದು ನಿಮಿಷ. ಇವತ್ತಿಗೂ ಹುಡುಗ್ರು ನನ್ನ 'ಹನ್ನೊಂದು' ಅಂತಾರೆ ಕಣ್ರೀ."

ದೇವರೇ ತೆರೆದ ಬಾಗಿಲು. ಹೂಂ ಅಂದರೆ ಸಾಕು, ಊರಿನ ಅರ್ಧ ಮೇಷ್ಟ್ರುಗಳ ಆಶೀರ್ವಾದ. ಆದರೆ ಸೊಣ್ಣಪ್ಪನ ಎದೆಯೊಳಗಿನ ವೀರ ಎದ್ದು ಕೂತ. "ಮೇಷ್ಟ್ರೇ, ಕೊಟ್ಟ ಟೈಮಿಗೆ ವಾಚು ಕೊಡದೆ ಇದ್ದಿದ್ದು ನನ್ನ ಸರ್ವೀಸಲ್ಲೇ ಇಲ್ಲ," ಅಂದ. ವಾಚಿನ ಹೊಟ್ಟೆ ಖಾಲಿ ಇರುವ ವಿಷಯ ಆ ಗಳಿಗೆಯಲ್ಲಿ ಆತನಿಗೇ ಮರೆತಿತ್ತು. ಮೇಷ್ಟ್ರು ಮುಖ ಬಾಡಿಸಿಕೊಂಡು ಹೋದರು. ಬುಟ್ಟಿಯನ್ನು ವಾಪಸು ಕೊಡುವ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಸೊಣ್ಣಪ್ಪ ಅದರಲ್ಲಿ ಅರ್ಧ ಹಣ್ಣು ಚೀಲಕ್ಕೆ ಸುರಿದುಕೊಂಡು ಕೋಲಾರದ ಬಸ್ಸು ಹತ್ತಿದ. ರಾಜ್ಯದಿಂದ ರಾಜ್ಯಕ್ಕೆ ಬರಿಗೈಯಲ್ಲಿ ಹೋಗುವುದು ಪದ್ಧತಿಯಲ್ಲ.

ಕೋಲಾರದ ಕ್ಲಾಕ್ ಟವರಿನ ಹತ್ತಿರದ ಸಂದಿಯಲ್ಲಿ ಕದಿರೇಶನ ಅಂಗಡಿ. ಹನ್ನೊಂದು ಜನರ ವಾಟ್ಸಾಪ್ ಗುಂಪಿಗೆ ಅವನೇ ಅಡ್ಮಿನ್.

"ಏನಣ್ಣೋ, ದಾರಿ ತಪ್ಪಿ ಬಂದಂಗೈತೆ," ಅಂದ ಕದಿರೇಶ್, ಹಣ್ಣಿನ ಚೀಲ ಇಸಕೊಂಡು.

"ಒಂದು ಲೇಡೀಸ್ ಪ್ಯಾಲೆಟ್ ಬೇಕಾಗಿತ್ತಪ್ಪಾ."

ಕದಿರೇಶನ ಕಣ್ಣು ಬೆಳಗಿತು. ಎದ್ದು ಫ್ಯಾನು ಜೋರು ಮಾಡಿ ಸ್ಟೂಲು ಮುಂದಕ್ಕೆಳೆದ. "ಹೇಳಣ್ಣ. ಹಳೇದು ಹೆಂಗೋಯ್ತು?"

"ನನ್ನ ಕೈಯಲ್ಲಲ್ಲ. ಗಿರಾಕಿ ಮೊದ್ಲು ಬೆಂಗಳೂರಲ್ಲಿ ಯಾವನಿಗೋ ಕೊಟ್ಟಿದ್ರು. ಅವನು ಬಿಚ್ಚಿ ಕಳೆದವನೆ. ನಂಗೆ ಬಂದಾಗ್ಲೇ ಇರ್ಲಿಲ್ಲ."

"ಅಯ್ಯೋ ಪಾಪ. ಎಲ್ಲಿ, ಕೊಡಣ್ಣ, ಸೈಜು ನೋಡಾಣ."

ವಾಚು ಇಸಕೊಂಡು ಹಿಂದಿನ ಮುಚ್ಚಳ ತೆಗೆದ. ಒಳಗಿನ ಯಂತ್ರವನ್ನು ಒಂದು ಗಳಿಗೆ ನೋಡಿದ. ಆಮೇಲೆ ಕೈಯಲ್ಲಿದ್ದ ಮುಚ್ಚಳವನ್ನು ಬೆಳಕಿಗೆ ಹಿಡಿದು ಅದನ್ನು ಇನ್ನೂ ಹೆಚ್ಚು ಹೊತ್ತು ನೋಡಿದ. ಮುಚ್ಚಳದಲ್ಲಿ ನೋಡುವಂಥದ್ದು ಏನಿದೆ ಎಂದು ಸೊಣ್ಣಪ್ಪನಿಗೆ ಆಗ ಹೊಳೆಯಲಿಲ್ಲ. ಕದಿರೇಶ್ ಕೆಮ್ಮಿದ.

"ಈ ಸೈಜು ನನ್ನತ್ರ ಇಲ್ಲಣ್ಣ. ಮಾಲೂರಲ್ಲಿ ಶ್ರೀರಾಮಪ್ಪನೋರತ್ರ ಕೇಳಿ."

ಮಾಲೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಮೂರು. ರೈಲ್ವೆ ಸ್ಟೇಷನ್ನಿನ ರಸ್ತೆಯ ಅಂಗಡಿಯಲ್ಲಿ ಎಪ್ಪತ್ತು ದಾಟಿದ ಶ್ರೀರಾಮಪ್ಪನವರು ಸೊಣ್ಣಪ್ಪ ಬರುವುದು ಗೊತ್ತಿದ್ದವರ ಹಾಗೆ ಎರಡು ಕಾಫಿ ತರಿಸಿಟ್ಟು ಕೂತಿದ್ದರು. ಬೆಂಗಳೂರಿನವನ ಮೇಲೆ ಹಾಕಿದ ಕಥೆ ಕೋಲಾರದಲ್ಲಿ ಅಷ್ಟಾಗಿ ಹತ್ತಲಿಲ್ಲ ಎಂಬ ಅನುಮಾನ ಸೊಣ್ಣಪ್ಪನನ್ನು ಬಸ್ಸಿನುದ್ದಕ್ಕೂ ಕಚ್ಚಿತ್ತು. ಇಲ್ಲಿ ಕಥೆ ಬದಲಿಸಿದ.

"ತುಕ್ಕು ಯಜಮಾನ್ರೇ. ತುಕ್ಕು ತಿಂದ್ಬಿಟ್ಟಿತ್ತು. ಮುಟ್ಟಿದ್ರೆ ಪುಡಿ ಪುಡಿ."

ಶ್ರೀರಾಮಪ್ಪನವರು ವಾಚಿನೊಳಗೆ ಇಣುಕಿದರು. "ಅದರ ಪಕ್ಕದ ಚಕ್ರ ಮದುಮಗಳ ಮೂಗುತಿ ತರ ಹೊಳೀತೈತೆ. ತುಕ್ಕು ಪ್ಯಾಲೆಟ್ ಒಂದನ್ನೇ ಹುಡ್ಕೊಂಡು ಬಂದಿತ್ತಾ?"

"ಒಂದೊಂದ್ಸಲ ಹಂಗಾಗುತ್ತೆ."

"ಆಗುತ್ತೆ, ಆಗುತ್ತೆ. ನನ್ನ ಕೋಳೀನೂ ಅಷ್ಟೇ, ಅಷ್ಟು ಕಾಳು ಬಿಟ್ಟು ಅದನ್ನೇ ನುಂಗ್ತು." ಮುದುಕರು ಡಬ್ಬಿಯ ಮುಚ್ಚಳ ಹಾಕಿದರು. "ನನ್ನತ್ರ ಇಲ್ಲಪ್ಪ. ಈ ಸೈಜಿನದು ಇರೋದು ಒಬ್ಬನತ್ರಾನೇ. ಮುಳಬಾಗಿಲು ಅಮರನಾಥ. ಸೀಸೇಲಿ ಹತ್ತಿ ಸುತ್ತಿ ಇಟ್ಟವ್ನೆ, ನಾನೇ ಕಣ್ಣಾರೆ ನೋಡಿದೀನಿ."

ಜಗತ್ತಿನಲ್ಲಿ ಇಷ್ಟು ಜನರಿದ್ದಾರೆ. ಅಷ್ಟು ಜನರಲ್ಲಿ ಆ ಪ್ಯಾಲೆಟ್ಟು ಹೋಗಿ ಕೂತದ್ದು ಅಮರನಾಥನ ಸೀಸೆಯಲ್ಲಿ. ಸೊಣ್ಣಪ್ಪ ಆ ಸಂಜೆ ಊರಿಗೆ ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು, ಆ ಆರತಕ್ಷತೆಯಲ್ಲಿ ಮೈಕು ಕೊಟ್ಟ ಆರ್ಕೆಸ್ಟ್ರಾದವನನ್ನು ಮನಸಾರೆ ಬೈದ.

ಶನಿವಾರ ಹನ್ನೊಂದು ಗಂಟೆಗೆ ಮುಳಬಾಗಿಲಿನಲ್ಲಿ ಇಳಿದ. ಕೆಟ್ಟ ಸುದ್ದಿಯನ್ನು ಖಾಲಿ ಹೊಟ್ಟೆಯಲ್ಲಿ ಎದುರಿಸಬಾರದೆಂದು ಬಸ್ ಸ್ಟ್ಯಾಂಡಿನ ಎದುರು ಬೆಣ್ಣೆ ಸುರಿದ ಎರಡು ದೋಸೆ ತಿಂದ. ಬಾಯಿ ಒರೆಸಿಕೊಂಡು, ಮೂರನೆಯ ಕಥೆಯನ್ನು ಮನಸ್ಸಿನಲ್ಲಿ ಎರಡು ಸಲ ಓದಿಕೊಂಡು, ಅಮರನಾಥನ ಅಂಗಡಿಗೆ ನಡೆದ.

ಅಂಗಡಿಯ ಮುಂದೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿತ್ತು. ಒಂದರಲ್ಲಿ ಕದಿರೇಶ್ ಕೂತಿದ್ದ.

"ನೀನೇನೋ ಇಲ್ಲಿ?"

"ಒಂದು ಮದುವೆ ಇತ್ತಣ್ಣ," ಅಂದ ಕದಿರೇಶ್. ಎಣ್ಣೆ ಕಲೆಯ ಕೆಲಸದ ಅಂಗಿಯಲ್ಲೇ ಇದ್ದ. ಕೈಯಲ್ಲಿ ಮೊಬೈಲು, ಮೊಬೈಲಿನೊಳಗೆ ಮಾಲೂರಿನ ಶ್ರೀರಾಮಪ್ಪನವರ ಮುಖ. ವಿಡಿಯೋ ಕಾಲಿನಲ್ಲಿ ಅವರ ಮೂಗೇ ಹೆಚ್ಚಾಗಿ ಕಾಣುತ್ತಿತ್ತು.

ಅಮರನಾಥ್ ಕೌಂಟರಿನ ಹಿಂದಿನಿಂದ ಎದ್ದು ಎರಡೂ ಕೈ ಚಾಚಿದ. "ರಾ ಬಾವಾ ರಾ! ಕೂರ್ಚೋ!" ಸಂತೋಷ ಹೆಚ್ಚಾದಾಗ ಅವನಿಗೆ ತೆಲುಗು ತಾನೇ ಬರುತ್ತದೆ. "ಇಷ್ಟು ವರ್ಷ ಆಯ್ತು ನೀನು ನಮ್ಮಂಗಡಿ ಕಡೆ ಬಂದು. ಟೀ ಹೇಳಿದೀನಿ, ಬಿಸ್ಕತ್ತು ಹೇಳಿದೀನಿ. ಮೈಕ್ ಒಂದು ಸಿಗ್ಲಿಲ್ಲ, ಕ್ಷಮಿಸ್ಬೇಕು."

"ಒಂದು ಪ್ಯಾಲೆಟ್…"

"ಇದೆ." ಅಮರನಾಥ್ ಜೇಬಿನಿಂದ ಇಂಜೆಕ್ಷನ್ ಸೀಸೆ ತೆಗೆದು ಕೌಂಟರಿನ ನಟ್ಟನಡುವೆ ಇಟ್ಟ. ಒಳಗೆ ಹತ್ತಿಯ ಮೇಲೆ ಎರಡು ಕೆಂಪು ಹರಳು ಮಿಣುಕುತ್ತಿದ್ದವು. "ಚೆಪ್ಪು ಬಾವಾ. ಕಥೆ ಹೇಳು."

ಸೊಣ್ಣಪ್ಪ ಗಂಟಲು ಸರಿಮಾಡಿಕೊಂಡ. "ನಮ್ಮ ಮನೆಯವಳು ಅಂಗಡಿ ಗುಡಿಸೋಕೆ ಬಂದಿದ್ಲು. ಟೇಬಲ್ ಮೇಲೆ ಇಟ್ಟಿದ್ದೆ. ಪೊರಕೆ ತಗಲಿ…"

"ಓಹೋ. ಅಕ್ಕನ ಕೈಯಲ್ಲಿ ಹೋಯ್ತಾ?" ಅಮರನಾಥ್ ಆಗಲೇ ಫೋನು ಒತ್ತಿದ್ದ. ಸ್ಪೀಕರ್ ಹಾಕಿದ್ದ. "ಅಕ್ಕಾ, ನಾನು ಮುಳಬಾಗಿಲು ಅಮರನಾಥ. ಚೆನ್ನಾಗಿದೀರಾ? ಏನಿಲ್ಲ, ಗುರುವಾರ ನೀವು ಅಂಗಡಿ ಗುಡಿಸಿದ್ರಂತೆ?"

"ನಾನಾ?" ವೆಂಕಟಲಕ್ಷ್ಮಿಯ ದನಿ ರಸ್ತೆಯ ಆಚೆ ಬದಿಗೂ ಕೇಳಿತು. "ಆ ಅಂಗಡಿ ಒಳಗೆ ನನ್ನ ಕಾಲಿಡೋಕೆ ಬಿಟ್ಟವ್ರಾ ಈ ಮನುಷ್ಯ ಯಾವತ್ತಾದ್ರೂ? ಇವ್ರೇ ನನ್ನ ರಾಗಿಹಿಟ್ಟಿನ ಜರಡೀಲಿ ಕಸ ಸೋಸ್ತಾ ಕೂತಿದ್ರು ಕಣಪ್ಪ, ಅಂಗಿ ಬಿಚ್ಕೊಂಡು! ಏನ್ ಕಳೆದವ್ರೆ ಅಂತ ನಿಮಗಾದ್ರೂ ಹೇಳಿದ್ರಾ?"

"ಈಗ ಹೇಳ್ತಾವ್ರೆ ಅಕ್ಕಾ. ಇಡ್ತೀನಿ."

ಮೊಬೈಲಿನೊಳಗಿನ ಮೂಗು ಗೊರಗೊರ ನಕ್ಕಿತು. ಅಮರನಾಥ್ ವಾಚನ್ನು ಎತ್ತಿಕೊಂಡ, ಹಿಂದಿನ ಮುಚ್ಚಳ ತೆಗೆದ, ಅದರ ಒಳಮೈಯನ್ನು ಸೊಣ್ಣಪ್ಪನ ಮುಖಕ್ಕೆ ಹಿಡಿದ. "ಓದು."

ಸೊಣ್ಣಪ್ಪ ಓದಿದ. ಓದಿದವನ ಕಿವಿ ಕೆಂಪಾಯಿತು.

ವಾಚು ಬಿಚ್ಚಿದ ಪ್ರತಿಯೊಬ್ಬ ರಿಪೇರಿಯವನೂ ಮುಚ್ಚಳದ ಒಳಗೆ ಸೂಜಿಯಲ್ಲಿ ತನ್ನ ಗುರುತು, ತಾರೀಖು ಗೀಚುತ್ತಾನೆ. ಗಿರಾಕಿಗೆ ಅದು ಕಾಣುವುದಿಲ್ಲ. ಮುಂದೆ ಅದೇ ವಾಚನ್ನು ಬಿಚ್ಚುವವನಿಗಾಗಿ ಬರೆದಿಟ್ಟ ಪತ್ರ ಅದು. ಉಳಿದವರು ಕೆಲಸ ಮುಗಿದ ಮೇಲೆ ಗೀಚುತ್ತಾರೆ. ಸೊಣ್ಣಪ್ಪ ಮೊದಲೇ ಗೀಚುತ್ತಾನೆ, ತನ್ನ ಕೈಯ ಮೇಲೆ ಅಷ್ಟು ನಂಬಿಕೆ. ಗಂಗರತ್ನಮ್ಮನವರ ವಾಚಿನ ಮುಚ್ಚಳದಲ್ಲಿ ಮದುವೆಯ ಕಾಗದದ ಅಕ್ಷರದಷ್ಟು ಅಂದವಾಗಿ 'ಸೊ' ಎಂದಿತ್ತು, ಅದರ ಕೆಳಗೆ ಗುರುವಾರದ ತಾರೀಖು. ಬೆಂಗಳೂರಿನವನ ಗುರುತು ಎಲ್ಲೂ ಇರಲಿಲ್ಲ. ಸುಳ್ಳು ಹೇಳಲು ಹೊರಟವನು ತನ್ನ ಸಹಿ ಹಾಕಿದ ತಪ್ಪೊಪ್ಪಿಗೆಯನ್ನೇ ಜೇಬಿನಲ್ಲಿಟ್ಟುಕೊಂಡು ಮೂರು ಊರು ಸುತ್ತಿದ್ದ. ಅಲ್ಲಲ್ಲಿ ತಾನೇ ತೆಗೆದು ಓದಲೂ ಕೊಟ್ಟಿದ್ದ.

"ನಾನು ನಿನ್ನೇನೇ ಓದಿದ್ದೆ ಅಣ್ಣ," ಅಂದ ಕದಿರೇಶ್, ಬಹಳ ವಿನಯದಿಂದ.

ಟೀ ಬಂತು. ಯಾರೂ ಕುಡಿಯಲಿಲ್ಲ. ಸೀಸೆ ಕೌಂಟರಿನ ಮೇಲಿತ್ತು. ಸೊಣ್ಣಪ್ಪ ಅದನ್ನು ನೋಡಿದ. ಬಸ್ಸು ಹತ್ತಿ ಹೋಗಿಬಿಡಬಹುದು. ಹೋದರೆ ಸೋಮವಾರ ಬೆಳಿಗ್ಗೆ ಎಂಟೂಕಾಲು. ಸೊಣ್ಣಪ್ಪ ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡ.

"ನೊಣ," ಅಂದ.

"ಏನು?"

"ಹಣ್ಣಿನ ನೊಣ ಕಣ್ರೋ. ಐಗ್ಲಾಸಿನ ಮೇಲೆ ಬಂದು ಕೂತ್ಕೊಂತು."

ಅಮರನಾಥ್ ನಕ್ಕ ನಗುವಿಗೆ ಪಕ್ಕದ ಮೆಡಿಕಲ್ ಸ್ಟೋರಿನವನು ಹೊರಗೆ ಬಂದ. "ನೊಣಾನಾ? ಸೊಳ್ಳೇನೂ ಅಲ್ವಾ?" ಎಂದು ಕದಿರೇಶ್ ತೊಡೆ ತಟ್ಟಿಕೊಂಡ. ಮಾಲೂರಿನ ಮೂಗು ನಕ್ಕು ನಕ್ಕು ಪರದೆಯಿಂದ ಮಾಯವಾಗಿ ಬರೀ ಮಾಡಿನ ಹೆಂಚು ಕಾಣತೊಡಗಿತು.

ಸೊಣ್ಣಪ್ಪನಿಗೆ ರೇಗಿತು. "ನಗ್ತೀರಾ? ಒಳಗಿಂದ ನೋಡ್ಬೇಕಿತ್ತು ನೀವು! ಇಷ್ಟು ದಪ್ಪ ಕಣ್ಣು. ಒಂದೊಂದು ಕಣ್ಣಲ್ಲಿ ಸಾವಿರ ಕಣ್ಣು. ಮುಂಗಾಲು ಎರಡೂ ಉಜ್ಜಿಕೊಂತು, ನನ್ನ ಕತ್ತು ಹಿಸುಕೋ ಮುಂಚೆ ಕೈ ತೊಳ್ಕೊಂಡಂಗೆ…"

ಹೇಳುತ್ತಾ ಹೋದ ಹಾಗೆ ಆತ ಕುರ್ಚಿಯಿಂದ ಎದ್ದ. ಎಡಗೈ ಬೀಸಿದ್ದನ್ನು ಬೀಸಿ ತೋರಿಸಿದ. ಪ್ಯಾಲೆಟ್ ಹಾರಿದ ದಾರಿಯನ್ನು ಬೆರಳಿನಲ್ಲಿ ಗಾಳಿಯಲ್ಲಿ ಬರೆದ. ಲಗೇಜ್ ಆಟೋ ಹೊರಟ ಸದ್ದನ್ನು ಬಾಯಲ್ಲಿ ಮಾಡಿದ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಜರಡಿಯ ಪ್ರಸಂಗ ಬರುವಷ್ಟರಲ್ಲಿ ಹದಿನೈದು ಜನ ಸೇರಿದ್ದರು, ಯಾರೋ ಇಬ್ಬರು ಹಿಂದಿನದನ್ನು ಮತ್ತೆ ಹೇಳಿ ಅಂದರು. ಇಷ್ಟು ವರ್ಷ ಊರವರ ಕಥೆಗಳನ್ನೆಲ್ಲ ಹೇಳಿಕೊಂಡು ಬಂದ ಬಾಯಿಗೆ ಮೊದಲ ಸಲ ಸ್ವಂತದ್ದೊಂದು ಸಿಕ್ಕಿತ್ತು. ಅದರ ರುಚಿಯೇ ಬೇರೆ ಎಂದು ಸೊಣ್ಣಪ್ಪನಿಗೆ ಹೇಳುವಾಗಲೇ ಗೊತ್ತಾಯಿತು.

ಮುಗಿದ ಮೇಲೆ ಅಮರನಾಥ್ ಕಣ್ಣೊರೆಸಿಕೊಂಡು ಸೀಸೆಯನ್ನು ಮುಂದಕ್ಕೆ ತಳ್ಳಿದ. "ತಗೋ ಬಾವಾ. ಹದಿನಾರು ವರ್ಷದಿಂದ ಇಟ್ಟಿದ್ದೆ. ನಿಂಗೇ ಇಟ್ಟಿದ್ದೇನೋ ಅನ್ಸುತ್ತೆ." ಆಮೇಲೆ ತಣ್ಣಗಾದ ಟೀ ಎತ್ತಿಕೊಂಡು, "ಚೆನ್ನಾಗಿ ಹೇಳ್ತೀಯ. ನಂದನ್ನೂ ಚೆನ್ನಾಗೇ ಹೇಳಿದ್ದೆ ಬಿಡು, ಬೀಗರು ಇವತ್ತಿಗೂ ಕಾಫಿ ಕೊಡುವಾಗ ಲೋಟ ಬಗ್ಗಿಸಿ ತಳ ನೋಡಿ ಕೊಡ್ತಾರೆ."

ಭಾನುವಾರ ಸೊಣ್ಣಪ್ಪ ಅಂಗಡಿಯ ಬಾಗಿಲು ಪೂರ್ತಿ ಎಳೆದುಕೊಂಡು, ಫ್ಯಾನು ನಿಲ್ಲಿಸಿ, ಸುತ್ತ ನಾಲ್ಕು ಸೊಳ್ಳೆಬತ್ತಿ ಹಚ್ಚಿಟ್ಟು, ಹೋಮಕ್ಕೆ ಕೂತ ಪುರೋಹಿತನ ಹಾಗೆ ಹೊಗೆಯ ನಡುವೆ ಬೆವರುತ್ತಾ ಕೂತ. ಪ್ಯಾಲೆಟ್ ತನ್ನ ಕುಳಿಯಲ್ಲಿ ಕೂತಿತು. ಕೀ ಕೊಟ್ಟ. ಬ್ಯಾಲೆನ್ಸ್ ಚಕ್ರ ಒಮ್ಮೆ ಆಕಳಿಸಿ, ಮೈಮುರಿದು, ಓಡತೊಡಗಿತು. ಟಿಕ್ ಟಿಕ್ ಟಿಕ್. ರಾತ್ರಿಯ ತನಕ ರೇಡಿಯೋ ಟೈಮಿಗೆ ಹೊಂದಿಸಿ ನೋಡಿದ. ಒಂದು ಸೆಕೆಂಡೂ ಆಚೀಚೆಯಿಲ್ಲ.

ಸೋಮವಾರ ಎಂಟೂ ಹದಿನಾಲ್ಕಕ್ಕೆ ಗಂಗರತ್ನಮ್ಮನವರು ಬಂದರು. ಕಂದು ಬಣ್ಣದ ಸೀರೆ, ಹೆಗಲಿಗೆ ಚೀಲ, ಬರಿಗೈ. ಸೊಣ್ಣಪ್ಪ ಎದ್ದು ನಿಂತು ವಾಚು ಕೊಟ್ಟ. ಅವರು ಅದನ್ನು ಕಟ್ಟಿಕೊಳ್ಳಲಿಲ್ಲ, ಕಿವಿಗೆ ಹಿಡಿದರು. ಕಣ್ಣು ಮುಚ್ಚಿದರು.

"ಸದ್ದು ಬೇರೆ ಆಗಿದೆ ಕಣೋ."

ಮಿಸ್ಸು ಮೂವತ್ತೆಂಟು ವರ್ಷ ತಮ್ಮ ಮಣಿಕಟ್ಟಿನಲ್ಲಿ ಕೇಳಿದ ಸದ್ದು ಅದು. ಎಣ್ಣೆ ಹೊಸದು ಅಂದರೆ ಮುಗಿಯುತ್ತಿತ್ತು. ಯಾವ ಮುಚ್ಚಳ ತೆಗೆದರೂ ಈ ಸುಳ್ಳು ಸಿಕ್ಕಿಬೀಳುತ್ತಿರಲಿಲ್ಲ. ಆದರೆ ಎರಡು ದಿನದಲ್ಲಿ ಮೂರು ಸುಳ್ಳು ಹೊತ್ತು ತಿರುಗಿದ ಬೆನ್ನಿಗೆ ನಾಲ್ಕನೆಯದನ್ನು ಹೊರುವ ಉತ್ಸಾಹ ಉಳಿದಿರಲಿಲ್ಲ.

"ಒಳಗಿನ ಪಾರ್ಟ್ ಒಂದು ಬದಲಾಯ್ಸಿದೀನಿ ಮಿಸ್. ಹಳೇದು ನನ್ನ ಕೈಯಿಂದಾನೇ ಜಾರಿ ಹೋಯ್ತು. ಗುರುವಾರ ನೀವು ಫೋನ್ ಮಾಡಿದಾಗ ಟೆಸ್ಟಿಂಗಲ್ಲಿ ಇರ್ಲಿಲ್ಲ. ಸುಳ್ಳು ಹೇಳ್ದೆ."

"ಯಾಕೋ?"

"ಹೆದರಿಕೆ ಮಿಸ್."

"ಎಷ್ಟೋ ನಿಂಗೆ ವಯಸ್ಸು?"

"ಹೊರಗೆ ಐವತ್ತೇಳು. ನಿಮ್ಮ ಮುಂದೆ ಬಂದ್ರೆ ಹತ್ತು."

ಗಂಗರತ್ನಮ್ಮನವರು ಆತನನ್ನು ಕನ್ನಡಕದ ಮೇಲಿಂದ ನೋಡಿದರು. ಸೊಣ್ಣಪ್ಪನ ಕೈ ತಾನಾಗಿ ಬಲಗಿವಿಯ ಕಡೆ ಹೋಯಿತು. ಅವರು ಮತ್ತೊಮ್ಮೆ ವಾಚನ್ನು ಕಿವಿಗೆ ಹಿಡಿದರು, ಈ ಸಲ ಸ್ವಲ್ಪ ಹೆಚ್ಚು ಹೊತ್ತು.

"ಹಳೇದಕ್ಕಿಂತ ಗಟ್ಟಿಯಾಗಿದೆ," ಅಂದರು. "ಈಗ ನಂಗೆ ಕಿವಿ ಸ್ವಲ್ಪ ಮಂದ. ಇದೇ ಒಳ್ಳೇದು ಬಿಡು."

ವಾಚಿನ ಬೆಲ್ಟು ಬಿಗಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಸೊಣ್ಣಪ್ಪ ಅಂಗಡಿಯಿಂದ ಹೊರಗೆ ಬಂದು ನೋಡುತ್ತಾ ನಿಂತ. ಯಲ್ದೂರಿನ ಬಸ್ಸು ನಿಂತಿತ್ತು, ಡ್ರೈವರೂ ಕಂಡಕ್ಟರೂ ಟೀ ಅಂಗಡಿಯ ಕಟ್ಟೆಯ ಮೇಲೆ ಕಾಲು ಚಾಚಿ ಲೋಟ ಹಿಡಿದು ಕೂತಿದ್ದರು. ಗಂಗರತ್ನಮ್ಮನವರು ಅವರ ಮುಂದೆ ನಿಂತು ಕೈ ಎತ್ತಿ ವಾಚು ನೋಡಿದರು.

"ಎಂಟೂ ಮೂವತ್ತೆರಡು," ಅಂದರು, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ. "ಎರಡು ನಿಮಿಷ."

ಕಂಡಕ್ಟರು ಅರ್ಧ ಟೀ ಹಾಗೇ ಕಟ್ಟೆಯ ಮೇಲಿಟ್ಟು ಓಡಿಹೋಗಿ ಸೀಟಿ ಊದಿದ.